ಅಮೆರಿಕವನ್ನು ಕಾಯುತ್ತಿದ್ದ ನಮ್ಮ ಭಾವ

ಅಮೆರಿಕದಲ್ಲಿ ಪ್ರಜಾಪ್ರಭುತ್ವ ಇನ್ನೂ ಉಸಿರಾಡಿಕೊಂಡಿದ್ದರೆ ಅದಕ್ಕೆ ಮುಖ್ಯ ಕಾರಣ ನಮ್ಮ ಭಾವ. ಈ ಸಂಗತಿ ಅಮೆರಿಕದವರಿಗೆ ಗೊತ್ತಿಲ್ಲ. ಗೊತ್ತಾಗುವ ಸಂಭವವೂ ಕಡಿಮೆ, ಏಕೆಂದರೆ ಭಾವ ಇವತ್ತಿನವರೆಗೆ ಆ ದೇಶದಲ್ಲಿ ಕಾಲಿಟ್ಟಿಲ್ಲ. ಅವರಿರುವುದು ಸಿಡ್ನಿಯ ಕ್ವೇಕರ್ಸ್ ಹಿಲ್ ಎಂಬ ಸಬರ್ಬಿನಲ್ಲಿ, ಹಿತ್ತಿಲಲ್ಲಿ ಕರಿಬೇವು, ಗ್ಯಾರೇಜಿನಲ್ಲಿ ಹಳೆಯ ಪತ್ರಿಕೆಗಳ ರಾಶಿ ಇರುವ ಇಟ್ಟಿಗೆಯ ಮನೆಯಲ್ಲಿ. ಅಲ್ಲಿಂದಲೇ ಅವರು ಅಮೆರಿಕವನ್ನು ಕಾಯುತ್ತಾರೆ. ಸಂಬಳವಿಲ್ಲ, ರಜೆಯಿಲ್ಲ, ಕಾಯಿರಿ ಎಂದು ಹೇಳಿದವರೂ ಇಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ನಾನು, ನಮ್ಮವರು, ಮಗಳು ಆಗ ಎಪ್ಪಿಂಗ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಭಾನುವಾರ ಬಂತೆಂದರೆ ಅಕ್ಕನ ಮನೆಯಲ್ಲಿ ಊಟ. ಊಟಕ್ಕೆ ಮುಂಚೆ ಭಾವನ ಮುಖ ನೋಡಿಯೇ ಅಮೆರಿಕದ ಆರೋಗ್ಯ ಹೇಗಿದೆ ಎಂದು ಹೇಳಬಹುದಿತ್ತು. ಗೆಲುವಾಗಿದ್ದರೆ ಅಲ್ಲಿ ಯಾವುದೋ ಒಂದು ಒಳ್ಳೆಯ ಮಸೂದೆ ಪಾಸಾಗಿದೆ. ಸಪ್ಪಗಿದ್ದರೆ ಯಾರೋ ಶ್ರೀಮಂತ ಯಾವುದೋ ಅಭ್ಯರ್ಥಿಯ ಜೇಬು ತುಂಬಿದ್ದಾನೆ. ಗೆಲುವಾಗಿದ್ದ ಭಾನುವಾರಗಳು ನನಗೆ ಅಷ್ಟಾಗಿ ನೆನಪಿಲ್ಲ.

ಉದ್ಯೋಗದಲ್ಲಿ ಭಾವ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದು ಎಲ್ಲಿ ಕೆಡುತ್ತದೆ ಎಂದು ಹುಡುಕುವುದೇ ಕೆಲಸ. ಹುಡುಗರು ಬಂದು "ಏನೂ ಆಗಲ್ಲ ಬಿಡಿ ಸಾರ್, ರಿಲೀಸ್ ಮಾಡಿಬಿಡೋಣ" ಎಂದರೆ ಭಾವ ಅವತ್ತು ಮಧ್ಯಾಹ್ನದ ಊಟ ಬಿಟ್ಟು ಹುಡುಕುತ್ತಿದ್ದರು, ಸಂಜೆಯೊಳಗೆ ಏನಾದರೂ ಆಗಿಯೇ ಇರುತ್ತಿತ್ತು. ಹೀಗಾಗಿ 'ಏನೂ ಆಗಲ್ಲ ಬಿಡಿ' ಎಂಬ ಮಾತು ಕೇಳಿದರೆ ಅವರಿಗೆ ಆಗದು. ನಮ್ಮವರು ಒಮ್ಮೆ ಮಜ್ಜಿಗೆಹುಳಿಯ ಹದದ ಬಗ್ಗೆ ಆ ಮಾತು ಹೇಳಿ, ಅಮೆರಿಕದ ಮತದಾರರ ಉದಾಸೀನದ ಬಗ್ಗೆ ಪೂರ್ತಿ ಒಂದು ಭಾಷಣ ಕೇಳಬೇಕಾಯಿತು.

ಅಮೆರಿಕವೇ ಏಕೆ ಎಂದು ನೀವು ಕೇಳುತ್ತೀರಿ. ನಾವೂ ಕೇಳಿದ್ದೆವು. ಇರುವುದು ಆಸ್ಟ್ರೇಲಿಯಾ, ಹುಟ್ಟಿದ್ದು ಕರ್ನಾಟಕ, ಚಿಂತಿಸಲು ಈ ಎರಡರಲ್ಲೇ ಬೇಕಾದಷ್ಟಿದೆ. ಭಾವನ ಉತ್ತರ ತಯಾರಿರುತ್ತಿತ್ತು. ಇಲ್ಲಿ ಓಟು ಹಾಕದಿದ್ದರೆ ದಂಡ ಹಾಕುತ್ತಾರೆ, ಅದಕ್ಕೆ ಹೆದರಿಯಾದರೂ ಜನ ಬರುತ್ತಾರೆ. ಅಲ್ಲಿ ಬಂದರೆ ಬರಬಹುದು, ಬಿಟ್ಟರೆ ಬಿಡಬಹುದು. ಜನ ಬಿಡುತ್ತಾ ಹೋದ ಜಾಗದಲ್ಲಿ ದುಡ್ಡಿದ್ದವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಬೀದಿಯ ದೊಡ್ಡ ಮನೆಯ ಸೂರು ಸೋರಲು ಶುರುವಾದರೆ ಪಕ್ಕದ ಮನೆಯವರೂ ಮೇಲೆ ನೋಡಿಕೊಳ್ಳಬೇಕು ಎಂಬುದು ಅವರ ವಾದ. ಇದನ್ನೆಲ್ಲ ಕೇಳಿ ಅಕ್ಕ, "ಮೊದಲು ನಮ್ಮನೆ ಲಾಂಡ್ರಿ ಸೋರ್ತಿದೆ, ಅದನ್ನ ನೋಡಿ" ಎಂದು ಒಳಗಿನಿಂದ ಹೇಳುತ್ತಿದ್ದಳು.

ಎರಡು ಸಾವಿರದ ಇಸವಿಯ ಅಮೆರಿಕದ ಚುನಾವಣೆಯನ್ನು ನಮ್ಮ ಮನೆತನದಲ್ಲಿ ಯಾರೂ ಮರೆಯುವಂತಿಲ್ಲ. ಅಲ್ಲಿ ಎಣಿಕೆ ನಡೆಯುವಾಗ ಇಲ್ಲಿ ಹಗಲು. ಭಾವ ಆಫೀಸಿಗೆ ರಜೆ ಹಾಕಿ ಟಿವಿ ಮುಂದೆ ಕೂತರು. ಮ್ಯಾನೇಜರಿಗೆ ಫೋನಿನಲ್ಲಿ, ಸಂಜೆಯೊಳಗೆ ಎಣಿಕೆ ಮುಗಿಯುತ್ತದೆ, ನಾಳೆ ಬರುತ್ತೇನೆ ಎಂದರಂತೆ. ಪಾಪ, ಫ್ಲಾರಿಡಾದವರು ಹೀಗೆ ಕೈಕೊಡುತ್ತಾರೆಂದು ಅವರಿಗೇನು ಗೊತ್ತು? ಆ ಎಣಿಕೆ ಒಂದು ತಿಂಗಳು ದಾಟಿದರೂ ಮುಗಿಯಲಿಲ್ಲ. ಸರಿಯಾಗಿ ತೂತು ಬೀಳದ ಮತಪತ್ರಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಅಧಿಕಾರಿಗಳನ್ನು ಟಿವಿಯಲ್ಲಿ ನೋಡುತ್ತಾ ಭಾವ ತಾವೂ ಸೋಫಾದಿಂದ ಮುಂದಕ್ಕೆ ಬಾಗುತ್ತಿದ್ದರು. "ಮತದಾರನ ಇಷ್ಟ ಏನು ಅಂತ ಗೊತ್ತಾದರೆ ಸಾಕು, ಎಣಿಸ್ಬೇಕು" ಎಂದು ಪರದೆಗೆ ಹೇಳುತ್ತಿದ್ದರು. ಕೊನೆಗೆ ಕೋರ್ಟು ಎಣಿಕೆಯನ್ನೇ ನಿಲ್ಲಿಸಿತು. ಅಷ್ಟರಲ್ಲಿ ಭಾವ ಅರ್ಧ ದಿನ, ಒಂದು ದಿನ ಎಂದು ಹಾಕುತ್ತಾ ಬಂದ ರಜೆಯೆಲ್ಲ ಖರ್ಚಾಗಿತ್ತು. ಬೆಂಗಳೂರಿನಲ್ಲಿ ನಮ್ಮ ಸೋದರಮಾವನ ಮಗಳ ಮದುವೆಗೆ ಅಕ್ಕ ಒಬ್ಬಳೇ ಹೋದಳು. ಭಾವ ಏಕೆ ಬರಲಿಲ್ಲ ಎಂದು ಕೇಳಿದ ಬಂಧುಗಳಿಗೆ ಅವಳು ಏನು ಹೇಳಬೇಕಿತ್ತು? ಹುಷಾರಿಲ್ಲ ಎಂದಳು. ಒಂದು ಲೆಕ್ಕದಲ್ಲಿ ಅದು ನಿಜವೂ ಹೌದು.

ಭಾವನಿಗೆ ಅಮೆರಿಕದಲ್ಲಿ ಒಬ್ಬ ಏಜೆಂಟನಿದ್ದ. ಭಾವನ ಚಿಕ್ಕಪ್ಪನ ಮಗ, ನ್ಯೂಜೆರ್ಸಿಯಲ್ಲಿದ್ದವನು. ಆ ಹುಡುಗನಿಗೆ ತಾನು ಏಜೆಂಟ್ ಎಂದು ಗೊತ್ತಿರಲಿಲ್ಲ, ಅಷ್ಟೇ. ಭಾವ ಫೋನ್‌ಕಾರ್ಡ್ ಕೆರೆದು ನಂಬರ್ ಒತ್ತಿ ಅವನಿಗೆ ಕರೆ ಮಾಡಿ, ನಿಮ್ಮ ಸೆನೆಟರಿಗೆ ದುಡ್ಡು ಕೊಡುವವರು ಯಾರು ಎಂದು ವಿಚಾರಿಸುತ್ತಿದ್ದರು. ತನ್ನ ಸೆನೆಟರ್ ಯಾರೆಂದೇ ಅವನಿಗೆ ತಿಳಿದಿರಲಿಲ್ಲ. ಭಾವ ಹೆಸರು ಹೇಳಿಕೊಟ್ಟರು! ಅವನಿಗೆ ಅಲ್ಲಿನ ಪೌರತ್ವ ಸಿಕ್ಕ ದಿನ ಅವನ ಮನೆಯಲ್ಲಿ ಏನು ಮಾಡಿದರೋ ಕಾಣೆ, ಕ್ವೇಕರ್ಸ್ ಹಿಲ್‌ನಲ್ಲಿ ಪಾಯಸ ಆಯಿತು. ಕೊನೆಗೂ ಮನೆಯಲ್ಲೊಂದು ಅಮೆರಿಕನ್ ಓಟು ಹುಟ್ಟಿತು ಎಂದು ಭಾವ ಕಣ್ಣರಳಿಸಿದರು.

ಮುಂದಿನ ಚುನಾವಣೆ ಮುಗಿದ ಮರುದಿನ ಅವರು ಫೋನು ಮಾಡಿ ಹಾಕಿದೆಯಾ ಎಂದು ಕೇಳಿದರು. ಸ್ಪೀಕರಿನಲ್ಲಿ ನಾವೆಲ್ಲ ಕೇಳಿಸಿಕೊಂಡೆವು. "ಕ್ಯೂ ತುಂಬಾ ಉದ್ದ ಇತ್ತು ಅಣ್ಣ, ಮಗನ ಸಾಕರ್ ಪ್ರಾಕ್ಟೀಸ್ ಬೇರೆ ಇತ್ತು. ನಾನೊಬ್ಬ ಹಾಕದೆ ಇದ್ರೆ ಏನಾಗುತ್ತೆ, ಬಿಡು. ಇದು ಅಮೆರಿಕಾ, ಏನೂ ಆಗಲ್ಲ" ಎಂದ ಅವನು. ಭಾವ ಫೋನನ್ನು ಮೆಲ್ಲಗೆ ಇಟ್ಟು ಹಿತ್ತಿಲಿಗೆ ಹೋದರು. ಕರಿಬೇವಿನ ಗಿಡಕ್ಕೆ ಅವತ್ತು ಬಿದ್ದಷ್ಟು ನೀರು ಎಂದೂ ಬಿದ್ದಿರಲಿಲ್ಲ.

ಇದಕ್ಕೆ ಸ್ವಲ್ಪ ಮುಂಚಿನ ಮೆಲ್ಬೋರ್ನ್ ಪ್ರಯಾಣದ ಕತೆಯನ್ನೂ ಹೇಳಿಬಿಡುತ್ತೇನೆ. ಅಲ್ಲಿ ನಮ್ಮವರ ಗೆಳೆಯರೊಬ್ಬರ ಗೃಹಪ್ರವೇಶ, ಅಕ್ಕ ಭಾವನಿಗೂ ಕರೆಯಿತ್ತು. ವಿಮಾನದಲ್ಲಿ ಹೋಗೋಣ ಎಂದೆ. ಇಷ್ಟು ಜನ ಇದ್ದೀವಿ, ಒಂದೇ ದೊಡ್ಡ ಬಾಡಿಗೆ ಕಾರಿನಲ್ಲಿ ಹೋದರೆ ಮಾತಾಡಿಕೊಂಡು ಹೋಗಬಹುದು ಎಂದರು ನಮ್ಮವರು. ಯಾರು ಮಾತಾಡುತ್ತಾರೆ, ಯಾರು ಕೇಳುತ್ತಾರೆ ಎಂದು ಅವರು ಯೋಚಿಸಲಿಲ್ಲ. ಬೆಳಗ್ಗೆ ಹೊರಟು ಹೆದ್ದಾರಿ ಹತ್ತುವ ಹೊತ್ತಿಗೆ ಭಾವ ಲಾಬಿ ಎಂದರೇನು ಎಂದು ಆರಂಭಿಸಿದ್ದರು. ದಾರಿಯ ಕಾಫಿ ಅಂಗಡಿಯಲ್ಲಿ ಮೇಜಿನ ಮೇಲಿನ ಸಕ್ಕರೆ ಪೊಟ್ಟಣಗಳನ್ನೆಲ್ಲ ಬಾಚಿ, ಇವು ಕಂಪನಿಗಳು, ಈ ಲೋಟ ಅಭ್ಯರ್ಥಿ ಎಂದು ನನ್ನ ಮಗಳಿಗೆ ತೋರಿಸಿದರು. ಅವಳು ಎಲ್ಲವನ್ನೂ ಗಮನವಿಟ್ಟು ನೋಡಿ, "ಬಟ್ ದೊಡ್ಡಪ್ಪ, ವಿ ಲಿವ್ ಇನ್ ಆಸ್ಟ್ರೇಲಿಯಾ" ಎಂದಳು. ಭಾವ ಪೊಟ್ಟಣಗಳನ್ನು ಮತ್ತೆ ಮೊದಲಿನಂತೆ ಸಾಲಾಗಿ ಜೋಡಿಸಿದರು. ಆಮೇಲೆ ಆಸ್ಟ್ರೇಲಿಯಾದ ಲಾಬಿಯಿಂದ ಶುರು ಮಾಡಿದರು. ಇನ್ನೂ ಅರ್ಧ ದಾರಿ ಉಳಿದಿತ್ತು!

ಮೆಲ್ಬೋರ್ನಿನ ಆ ಹೊಸ ಮನೆಯ ಬಾಗಿಲಲ್ಲಿ ಮಾವಿನೆಲೆಯ ತೋರಣ, ಅದರ ಪಕ್ಕದಲ್ಲೇ ಸಾಲ ಮಾಡಿಸಿಕೊಟ್ಟ ಮಾರ್ಟ್‌ಗೇಜ್ ಬ್ರೋಕರನ ಬ್ಯಾನರು. ಊಟದ ಖರ್ಚೂ ಅವನದೇ ಎಂದು ತಿಳಿಯಿತು. ನಾವೆಲ್ಲ ಭಲೇ ಎಂದು ಎಲೆಯ ಮುಂದೆ ಕೂತೆವು. ಭಾವ ಎಲೆಯ ಮುಂದೆ ಕೈಕಟ್ಟಿ ಕೂತು, ಇದರ ಬದಲಿಗೆ ಅವನಿಗೆ ಏನು ಕೊಟ್ಟಿರಿ ಎಂದು ಗೃಹಸ್ಥರನ್ನು ಕೇಳಿದರು. ಅವರು ಗಲಿಬಿಲಿಗೊಂಡು, ಬಂದವರ ಫೋನ್ ನಂಬರು ಅಂದರು. ಬಂದವರ ಪೈಕಿ ನಾವೂ ಇದ್ದೆವಲ್ಲ? ಸಿಡ್ನಿಗೆ ವಾಪಸಾದ ಮೇಲೆ ಅವನ ಕಡೆಯ ಹುಡುಗಿಯರು ಸಂಜೆ ಹೊತ್ತು ನಮಗೆ ಫೋನ್ ಮಾಡಿ ಮನೆ ಯಾವಾಗ ಕೊಳ್ಳುತ್ತೀರಿ ಎಂದು ಪೀಡಿಸುವಾಗಲೆಲ್ಲ ನನಗೆ ಭಾವನ ಕಟ್ಟಿದ ಕೈ ಕಣ್ಣಮುಂದೆ ಬರುತ್ತಿತ್ತು. ಆದರೆ ಒಂದು ಮಾತು, ಊಟ ಚೆನ್ನಾಗಿತ್ತು.

ಈಗ ಭಾವನ ತಾಯಿಯ ವಿಷಯ. ಯಜಮಾನರು ತೀರಿಕೊಂಡ ಮೇಲೆ ಅವರು ಮಗನ ಜೊತೆ ಕ್ವೇಕರ್ಸ್ ಹಿಲ್‌ಗೆ ಬಂದು ನೆಲೆಸಿದ್ದರು. ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ಕಡಿಮೆ ಮಾತು, ಇಂಗ್ಲಿಷ್ ಬಾರದು, ಹಗಲೆಲ್ಲ ಬೀನ್ಸ್ ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ಸೋಫಾದ ಒಂದು ಮೂಲೆಯಲ್ಲಿ ಕೂತಿರುತ್ತಿದ್ದರು. ಮಗ ಟಿವಿಯಲ್ಲಿ ಅಮೆರಿಕದ ಸೆನೆಟ್ ನೋಡುತ್ತಿದ್ದರೆ ಅವರೂ ನೋಡುತ್ತಿದ್ದರು. "ಇವರಿಗೆ ಊಟದ ಹೊತ್ತಿಲ್ವೇನೋ, ಯಾವಾಗ ನೋಡಿದ್ರೂ ಕೂತಿರ್ತಾರೆ" ಎಂದು ಒಮ್ಮೆ ಕೇಳಿದ್ದುಂಟು. ಮಗನ ಚಿಂತೆಗೂ ಅವರಿಗೂ ಸಂಬಂಧವಿಲ್ಲವೆಂದೇ ನಾವು ತಿಳಿದಿದ್ದೆವು.

ಹೀಗಿರುವಾಗ ಬಂತು ನಮ್ಮ ಕನ್ನಡ ಸಂಘದ ಸಂಕಟ. ನಮ್ಮದು ಚಿಕ್ಕ ಸಂಘ. ಯುಗಾದಿ, ಗಣಪತಿ, ರಾಜ್ಯೋತ್ಸವ, ಇಷ್ಟೇ ಅದರ ಆಯುಷ್ಯ. ಹುಟ್ಟಿದಾಗಿನಿಂದ ಅದರಲ್ಲಿ ಚುನಾವಣೆ ಎಂಬುದು ನಡೆದಿರಲಿಲ್ಲ. ರಾಜ್ಯೋತ್ಸವದ ಊಟವಾದ ಮೇಲೆ, ಎಲ್ಲರೂ ಮಜ್ಜಿಗೆಯ ಲೋಟ ಹಿಡಿದು ಕುರ್ಚಿಗೆ ಒರಗಿರುವ ಹೊತ್ತಿನಲ್ಲಿ ಸರ್ವಸದಸ್ಯರ ಸಭೆ. ಕಾರ್ಯದರ್ಶಿ ಒಂದು ಹೆಸರು ಓದುತ್ತಾರೆ, ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಇದಕ್ಕೆ ಅವಿರೋಧ ಆಯ್ಕೆ ಎಂದು ಹೆಸರು. ಯಾರಾದರೂ ಎದುರಿಗೆ ನಿಂತರೆ ಅದಕ್ಕೆ ಮನಸ್ತಾಪ ಎಂದು ಹೆಸರು. ಪರದೇಶದಲ್ಲಿ ಇರುವ ನಾಲ್ಕು ಜನ ಮನಸ್ತಾಪ ಮಾಡಿಕೊಳ್ಳಬಾರದು ಎಂಬ ಕಾರಣಕ್ಕೆ ನಾವು ಎಷ್ಟೋ ವರ್ಷ ಯಾರನ್ನೂ ಆರಿಸದೆಯೇ ಆರಿಸಿಕೊಂಡು ಬಂದಿದ್ದೆವು.

ಆ ವರ್ಷ ಸಂಘಕ್ಕೆ ಒಬ್ಬ ಪೋಷಕರು ದೊರೆತಿದ್ದರು. ಸಿಡ್ನಿಯ ಮನೆಗಳ ಬೆಲೆ ಏರಿದ ಹಾಗೆಲ್ಲ ಏರಿದ ಮನುಷ್ಯ. ಇವರೂ ಮಾರ್ಟ್‌ಗೇಜ್ ಬ್ರೋಕರೇ. ಸಂಘದ ಅರ್ಧ ಜನರ ಮನೆಸಾಲ ಮಾಡಿಸಿಕೊಟ್ಟವರು ಅವರೇ. ಸಭಾಂಗಣದ ಬಾಡಿಗೆ ಅವರದು, ಮೈಕು ಅವರದು, ಊಟ ಅವರದು. ಯುಗಾದಿಯಂದು ವೇದಿಕೆಯ ಮೇಲೆ ತಾಯಿ ಭುವನೇಶ್ವರಿಯ ಪಟಕ್ಕಿಂತ ಅವರ ನಗುಮುಖದ ಬ್ಯಾನರು ಒಂದು ಗೇಣು ದೊಡ್ಡದಾಗಿತ್ತು. ಆದರೆ ಸುಳ್ಳು ಹೇಳಬಾರದು, ಒಳ್ಳೆಯ ಮನುಷ್ಯ. ಕುರ್ಚಿಗಳನ್ನು ತಾವೇ ಎತ್ತಿ ಜೋಡಿಸುತ್ತಿದ್ದರು, ಹಿರಿಯರ ಕಾಲಿಗೆ ಬೀಳುತ್ತಿದ್ದರು, ಮಕ್ಕಳ ಹೆಸರೆಲ್ಲ ನೆನಪಿಟ್ಟುಕೊಳ್ಳುತ್ತಿದ್ದರು. ನಾನು ಇದನ್ನು ಭಾವನಿಗೆ ಹೇಳಿದೆ. "ಒಳ್ಳೆಯವನೇ ಕಣಮ್ಮ. ಕೆಟ್ಟವನಾಗಿದ್ರೆ ನೀವೇ ಎದ್ದು ನಿಲ್ತಿದ್ರಿ, ನಂಗೆ ಕೆಲಸ ಇರ್ತಿರಲಿಲ್ಲ" ಎಂದರು.

ಸಮಿತಿಯಿಂದ ಎಲ್ಲರಿಗೂ ಒಂದು ಈಮೇಲ್ ಬಂತು. ವರ್ಷ ವರ್ಷವೂ ಅಧ್ಯಕ್ಷರನ್ನು ಹುಡುಕುವ ತಾಪತ್ರಯ ಏಕೆ, ಪೋಷಕರನ್ನೇ ಕಾಯಂ ಅಧ್ಯಕ್ಷರನ್ನಾಗಿ ಅವಿರೋಧವಾಗಿ ಆರಿಸಿಬಿಡೋಣ ಎಂದು. ನಾವೆಲ್ಲ ಸೂಪರ್ ಐಡಿಯಾ ಎಂದು ಉತ್ತರಿಸಿದೆವು. ಭಾವನಿಂದ ಒಂದೇ ಸಾಲಿನ ಉತ್ತರ ಬಂತು: ನಾನು ಎದುರಿಗೆ ನಿಲ್ಲುತ್ತೇನೆ, ಮತದಾನ ನಡೆಸಿ.

ಅಬ್ಬಬ್ಬಾ, ಆಮೇಲಿನ ವಾರಗಳು! ಅಕ್ಕನಿಗೆ ಫೋನಿನ ಮೇಲೆ ಫೋನು. ಯಜಮಾನರಿಗೆ ಪೋಸ್ಟ್ ಬೇಕಿದ್ದರೆ ಮೊದಲೇ ಹೇಳಬಾರದಿತ್ತೇ, ಯಾವುದಾದರೂ ಒಂದು ಕೊಡುತ್ತಿದ್ದೆವಲ್ಲ ಎಂದು ಒಬ್ಬರು. ಅವರಿಗೇನಾದರೂ ಸಾಲ ಸಿಗಲಿಲ್ಲವೇ ಎಂದು ಇನ್ನೊಬ್ಬರು. ಆ ದೀಪಾವಳಿಗೆ ಪ್ರತಿವರ್ಷ ಕರೆಯುತ್ತಿದ್ದ ಮನೆಗಳಿಂದ ಅಕ್ಕನಿಗೆ ಕರೆ ಬರಲಿಲ್ಲ. ಅವಳು ಮಾಡಿದ ಚಕ್ಕುಲಿ ಡಬ್ಬಿ ಡಬ್ಬಿ ಮನೆಯಲ್ಲೇ ಉಳಿಯಿತು. ಅಕ್ಕ ಅಳುವವಳಲ್ಲ, ಅವತ್ತು ನನ್ನ ಮುಂದೆ ಅತ್ತಳು. ಈ ದೇಶದಲ್ಲಿ ತನಗಿರುವುದು ಈ ಜನವೇ, ಗಂಡ ಇವರನ್ನೂ ಕಳೆದರೆ ತಾನು ಯಾರ ಮನೆಗೆ ಹೋಗಲಿ ಎಂದಳು. ನನಗೂ ಭಾವನ ಮೇಲೆ ಸಿಟ್ಟು ಬಂತು. ಊಟ ಹಾಕುವವರು ಹಾಕುತ್ತಾರೆ, ತಿನ್ನುವವರು ತಿನ್ನುತ್ತಾರೆ, ಇವರದೇನು ನಡುವೆ?

ಪೋಷಕರು ಸ್ವತಃ ಒಂದು ಸಂಜೆ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದರು. ನಾನೂ ಅಲ್ಲಿದ್ದೆ. ಮೊದಲು ಅಮ್ಮನ ಹತ್ತಿರ ಹೋಗಿ ಮಂಡಿನೋವು ಹೇಗಿದೆ ಎಂದು ವಿಚಾರಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತು ಅವರೊಡನೆ ಒಂದಿಷ್ಟು ಬೀನ್ಸ್ ಬಿಡಿಸಿದರು. ಅಮ್ಮನಿಗೆ ಬಹಳ ಸಂತೋಷವಾಯಿತು. ಅವರ ಮಗ ಯಾವತ್ತೂ ಬೀನ್ಸ್ ಮುಟ್ಟಿದವರಲ್ಲ. ಆಮೇಲೆ ಪೋಷಕರು ಭಾವನ ಕಡೆ ತಿರುಗಿದರು.

"ಸಾರ್, ನಂಗೆ ಕುರ್ಚಿ ಆಸೆ ಇಲ್ಲ, ಇದೆಲ್ಲ ಸೇವೆ ಅಷ್ಟೆ. ಬೇಕಾದ್ರೆ ನೀವೇ ಪ್ರೆಸಿಡೆಂಟ್ ಆಗಿ. ನಾನು ಹಿಂದೆ ನಿಂತು ಎಲ್ಲ ನೋಡ್ಕೋತೀನಿ."

"ನೀವು ಹಿಂದೆ ನಿಂತ್ರೆ ಇನ್ನೂ ಕಷ್ಟ ಸಾರ್. ಮುಂದೆ ಇದ್ರೆ ಕಾಣಿಸ್ತೀರಿ" ಎಂದರು ಭಾವ.

"ಜನಕ್ಕೆ ಬೇಕಾಗಿಲ್ಲದ ಎಲೆಕ್ಷನ್ ನಿಮಗ್ಯಾಕೆ ಸಾರ್?"

"ಬೇಡ ಅಂತಾದ್ರೂ ಅವರು ಚೀಟಿ ಮೇಲೆ ಹೇಳ್ಲಿ. ನೀವೇ ಗೆಲ್ತೀರಿ, ನಂಗೊತ್ತು. ಆದ್ರೆ ಒಂದು ವರ್ಷಕ್ಕೆ ಗೆಲ್ತೀರಿ. ಮುಂದಿನ ವರ್ಷ ಮತ್ತೆ ಕೇಳ್ಬೇಕಾಗುತ್ತೆ."

ಪೋಷಕರು ನಕ್ಕು ಕಾಫಿ ಕುಡಿದು ಹೋದರು. ಮೈಸೂರುಪಾಕನ್ನು ಭಾವ ಮುಟ್ಟಲಿಲ್ಲ. ನಾವು ಮುಟ್ಟದೆ ಬಿಡಲಿಲ್ಲ.

ಅಷ್ಟು ಚುನಾವಣೆ ಬೇಕಿದ್ದರೆ ಏರ್ಪಾಡನ್ನೂ ನೀವೇ ಮಾಡಿಕೊಳ್ಳಿ ಎಂದು ಕಾರ್ಯದರ್ಶಿಗಳು ಕೈತೊಳೆದುಕೊಂಡರು. ಅಭ್ಯರ್ಥಿಯೇ ಮತಪತ್ರ ಅಚ್ಚು ಮಾಡಿಸುವುದು ಘೋರ ಅನ್ಯಾಯವೆಂದು ಭಾವ ತಮ್ಮ ವಿರುದ್ಧ ತಾವೇ ಒಂದು ಆಕ್ಷೇಪಣೆ ಸಲ್ಲಿಸಿದರು. ಯಾರೂ ಅದನ್ನು ಓದದೇ ಇದ್ದುದರಿಂದ ತಾವೇ ತಿರಸ್ಕರಿಸಿ ಕೆಲಸಕ್ಕೆ ಕೂತರು. ಕನ್ನಡದಲ್ಲಿ ಎರಡು ಹೆಸರು, ಎದುರಿಗೆ ಎರಡು ಚೌಕ. ರಾಜ್ಯೋತ್ಸವವಲ್ಲವೇ? ಹಳದಿ ಕಾಗದದ ಮೇಲೆ ಕೆಂಪು ಅಕ್ಷರ. ಇತ್ತ ಕಾರ್ಯದರ್ಶಿಗಳು ತಮ್ಮ ಮನೆಯಲ್ಲಿ ಊಟದ ಕೂಪನ್ನು ಅಚ್ಚು ಹಾಕಿಸಿದರು. ರಾಜ್ಯೋತ್ಸವವಲ್ಲವೇ? ಹಳದಿ ಕಾಗದದ ಮೇಲೆ ಕೆಂಪು ಅಕ್ಷರ.

ಸಿಡ್ನಿಯದೇ ಲಿವರ್‌ಪೂಲ್ ಕಡೆಯ ಒಂದು ಕಮ್ಯುನಿಟಿ ಹಾಲಿನಲ್ಲಿ ಸಮಾರಂಭ. ನಮ್ಮವರು ಕೆಲಸದ ಮೇಲೆ ಮೆಲ್ಬೋರ್ನಿಗೆ, ಮಗಳು ಗೆಳತಿಯ ಮನೆಗೆ ಹೋಗಿದ್ದರಿಂದ ನಾನು ಭಾವನ ಕಾರಿನಲ್ಲೇ ಹೋದೆ. ಊಟವಾದ ಮೇಲೆ ಯಾರಿಗೂ ಯೋಚನಾಶಕ್ತಿ ಉಳಿಯುವುದಿಲ್ಲ ಎಂದು ವಾದಿಸಿ ಭಾವ ಮತದಾನವನ್ನು ಊಟಕ್ಕೆ ಮುಂಚೆ ಇಡಿಸಿದ್ದರು. ಊಟಕ್ಕೆ ಮುಂಚೆಯೂ ಉಳಿಯುವುದಿಲ್ಲವೆಂದು ಅವರಿಗೆ ಹೊಳೆದಿರಲಿಲ್ಲ. ಬಾಗಿಲಲ್ಲೇ ಎಲ್ಲರ ಕೈಗೆ ಒಂದು ಮತಪತ್ರ, ಒಂದು ಕೂಪನ್ನು. ಮಕ್ಕಳ ಡ್ಯಾನ್ಸಿಗೆಂದು ಕಟ್ಟಿದ್ದ ಪರದೆಯ ಹಿಂದೆ ಹೋಗಿ ಗುರುತು ಹಾಕಿ ಬಂದು ಪೆಟ್ಟಿಗೆಗೆ ಹಾಕಬೇಕು. ಒಳಗಿನಿಂದ ಬಿಸಿಬೇಳೆಬಾತಿನ ಘಮ, ಹೋಳಿಗೆ ಬೇಯುವ ತುಪ್ಪದ ಘಮ. ಸಾಲು ಬಹಳ ಚುರುಕಾಗಿ ಸಾಗಿತು.

ಹಿರಿಯರಿಗೆ ಮೊದಲ ಅವಕಾಶ ಎಂದು ಅಮ್ಮನನ್ನು ಮುಂದೆ ಬಿಟ್ಟರು. ಕುಟುಂಬ ಸದಸ್ಯತ್ವದಲ್ಲಿ ಅವರಿಗೂ ಒಂದು ಓಟಿತ್ತು. ಅವರು ಒಳ್ಳೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಪರದೆಯ ಹಿಂದೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹಿಂದಿನವರು ಹೋಳಿಗೆ ಆರುತ್ತದೆಂದು ಗೊಣಗಿದರು. ಕೊನೆಗೆ ಬಂದು, ಮಡಿಸಿದ ಚೀಟಿಯನ್ನು ಪೆಟ್ಟಿಗೆಗೆ ಹಾಕಿ, ಅಲ್ಲೇ ನಿಂತು ಎಡಗೈ ಮುಂದೆ ಚಾಚಿದರು. ಕಾರ್ಯದರ್ಶಿಗಳಿಗೆ ತಿಳಿಯಲಿಲ್ಲ, ಕೂಪನ್ನು ಕಳೆದಿರಬೇಕು ಎಂದು ಇನ್ನೊಂದು ಕೂಪನ್ನು ಕೊಡಹೋದರು. ಅಮ್ಮ ತಲೆಯಾಡಿಸಿ, "ಶಾಯಿ ಹಚ್ಚಲ್ವಾ?" ಎಂದರು.

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆಸ್ಟ್ರೇಲಿಯಾದಲ್ಲಿ ಬೆರಳಿಗೆ ಶಾಯಿ ಹಚ್ಚುವ ಪದ್ಧತಿ ಎಲ್ಲಿದೆ? ಭಾವ ಮಾತ್ರ ನಗಲಿಲ್ಲ. ಬೋರ್ಡಿನ ಪಕ್ಕದಲ್ಲಿದ್ದ ಮಾರ್ಕರ್ ಪೆನ್ನು ತಂದು, ಅಮ್ಮನ ತೋರುಬೆರಳನ್ನು ಹಿಡಿದು, ಉಗುರಿನಿಂದ ಮೇಲಕ್ಕೆ ನಿಧಾನವಾಗಿ ಒಂದು ಗೆರೆ ಎಳೆದರು. ಗೆರೆ ಮುಗಿದರೂ ಆ ಕೈಯನ್ನು ಬಿಡಲಿಲ್ಲ. ಸೋಲುವ ಭಯ ಈಗ ಶುರುವಾಗಿದೆ ಎಂದುಕೊಂಡು ನಾನು ಹೋಳಿಗೆಯ ಕಡೆ ನಡೆದೆ.

ಊಟವಾಯಿತು, ಪೆಟ್ಟಿಗೆ ತೆರೆದರು. ಒಳಗೆ ಏನಿತ್ತೆನ್ನುತ್ತೀರಿ? ಮುಕ್ಕಾಲು ಪಾಲು ಊಟದ ಕೂಪನ್ನು! ಉಳಿದ ಮತಪತ್ರಗಳೆಲ್ಲ ಅಡುಗೆಮನೆಯ ಕೌಂಟರಿನಲ್ಲಿದ್ದವು. ಕೇಟರಿಂಗಿನವರಿಗೆ ಕನ್ನಡ ಓದಲು ಬಾರದು. ಹಳದಿ ಚೀಟಿ ತಂದವರಿಗೆ ಹೋಳಿಗೆ ಕೊಡಿ ಎಂದಿದ್ದರು, ಕೊಟ್ಟಿದ್ದರು. ಹಸಿದ ಕನ್ನಡಿಗರು ಓಟು ಕೊಟ್ಟು ಊಟ ಮಾಡಿ ಬಂದಿದ್ದರು.

ಸಭೆಯಲ್ಲಿ ಗದ್ದಲವೆದ್ದಿತು. ಪೆಟ್ಟಿಗೆಯೊಳಗಿನ ಅಸಲಿ ಮತಪತ್ರಗಳನ್ನಷ್ಟೇ ಎಣಿಸಿದರೆ, ಆಶ್ಚರ್ಯ, ಭಾವ ಸ್ವಲ್ಪದರಲ್ಲಿ ಮುಂದಿದ್ದರು. ಚೀಟಿ ಓದಿ ಹಾಕಿದವರು ಕೆಲವರಾದರೂ ಅವರ ಕಡೆಗಿದ್ದರು ಎಂದಾಯಿತು. ನಿಯಮದ ಪ್ರಕಾರ ಪೆಟ್ಟಿಗೆಯ ಹೊರಗಿನ ಓಟು ಓಟೇ ಅಲ್ಲ, ನೀವು ಗೆದ್ದಿರಿ ಎಂದು ಅಕ್ಕ ಅವರ ಕಿವಿಯಲ್ಲಿ ಹೇಳಿದ್ದನ್ನು ನಾನೇ ಕೇಳಿದೆ. ಭಾವ ಎದ್ದು ನಿಂತರು. ಕೌಂಟರಿನಲ್ಲಿರುವ ಚೀಟಿಗಳಲ್ಲೂ ಗುರುತು ಸ್ಪಷ್ಟವಾಗಿದೆ, ಮತದಾರರ ಇಷ್ಟ ಏನೆಂದು ಗೊತ್ತಾಗುತ್ತದೆ, ಎಣಿಸಲೇಬೇಕು ಎಂದು ಪಟ್ಟು ಹಿಡಿದರು. ಪೋಷಕರ ಕಡೆಯವರೇ ಬೆರಗಾದರು. ತುಪ್ಪ ಅಂಟಿದ, ಗೊಜ್ಜು ಸಿಡಿದ ಚೀಟಿಗಳನ್ನು ಭಾವ ಒಂದೊಂದಾಗಿ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು. ಪ್ರತಿ ಬಾರಿಯೂ ಪೋಷಕರ ಹೆಸರನ್ನೇ ಓದಿದರು. ಹೀನಾಯವಾಗಿ ಸೋತರು. ಸೋತು, ಪೋಷಕರ ಕೈಕುಲುಕಿ, ಮುಂದಿನ ವರ್ಷ ಸಿಗೋಣ ಎಂದರು. ಕಾಯಂ ಅಧ್ಯಕ್ಷರ ಮಾತು ಅಲ್ಲಿಗೆ ಬಿತ್ತು. ಪೋಷಕರೇ ಅಕ್ಕನ ಹತ್ತಿರ ಬಂದು ಮುಂದಿನ ಶನಿವಾರ ಮನೆಗೆ ಊಟಕ್ಕೆ ಬರಬೇಕೆಂದು ಕರೆದರು.

ವಾಪಸು ಬರುವಾಗ ಭಾವ ಕಾರು ಓಡಿಸುತ್ತಿದ್ದರು, ಪಕ್ಕದಲ್ಲಿ ಅಕ್ಕ, ಹಿಂದೆ ಅಮ್ಮ ಮತ್ತು ನಾನು. ಅಮ್ಮ ಸೀಟ್‌ಬೆಲ್ಟ್ ಹಾಕಿಕೊಳ್ಳುವಾಗಲೂ ಆ ಬೆರಳನ್ನು ಯಾವುದಕ್ಕೂ ತಾಗದಂತೆ ಎತ್ತಿ ಹಿಡಿದಿದ್ದರು. ನನಗೆ ತಮಾಷೆಯೆನಿಸಿ, ಊರಿನಲ್ಲಿಯೂ ಹೀಗೇ ಜೋಪಾನ ಮಾಡುತ್ತಿದ್ದಿರಾ ಎಂದು ಕೇಳಿದೆ.

"ಊರಲ್ಲಿ ಯಾರಮ್ಮ ಹಚ್ಚಿದ್ರು ನಂಗೆ" ಎಂದರು ಅಮ್ಮ.

ಆಮೇಲೆ, ಅಡುಗೆಯ ವಿಷಯ ಹೇಳುವಷ್ಟೇ ಸಾಧಾರಣವಾಗಿ ಹೇಳಿದರು. ಅವರಿದ್ದದ್ದು ಮಂಡಿ ಸಾಹುಕಾರರ ವಠಾರದಲ್ಲಿ. ಸಾಹುಕಾರರು ಒಳ್ಳೆಯವರೇ, ಹಬ್ಬಕ್ಕೆ ಬೆಲ್ಲ ಕಳಿಸುತ್ತಿದ್ದರು, ಕಾಯಿಲೆಯಾದರೆ ಗಾಡಿ ಕಳಿಸುತ್ತಿದ್ದರು. ಚುನಾವಣೆಯ ದಿನ ವಠಾರದ ಹೆಂಗಸರ ಓಟನ್ನೆಲ್ಲ ಬೆಳಗ್ಗೆಯೇ ಅವರ ಕಡೆಯವರು ಹಾಕಿಸಿಬಿಡುತ್ತಿದ್ದರು. ಅಡುಗೆ ಮುಗಿಸಿ, ಒಳ್ಳೆಯ ಸೀರೆ ಉಟ್ಟು ಶಾಲೆಯ ಹತ್ತಿರ ಹೋದರೆ, ನಿಮ್ಮದು ಆಗಿದೆ ಹೋಗಿ ಅಮ್ಮಾ ಎನ್ನುತ್ತಿದ್ದರಂತೆ. ವಠಾರದವರು, ಯಾರು ಹಾಕಿದರೇನು, ಏನೂ ಆಗಲ್ಲ ಬಿಡು ಎಂದು ಸಮಾಧಾನ ಹೇಳುತ್ತಿದ್ದರು. ಉಳಿದ ಹೆಂಗಸರು ಹೋಗುವುದನ್ನೇ ಬಿಟ್ಟರು. ಅಮ್ಮ ಮಾತ್ರ ಪ್ರತಿಸಲವೂ ಮಗನ ಕೈಹಿಡಿದುಕೊಂಡು ಹೋಗಿ ಕೇಳಿಕೊಂಡು ಬರುತ್ತಿದ್ದರು. ಯಾವತ್ತೂ ಅವರ ಓಟು ಉಳಿದಿರಲಿಲ್ಲ.

  ಇಷ್ಟು ವರ್ಷ ಊಟದ ನಡುವೆ ಆಕಳಿಸುತ್ತಾ ಭಾವನ ಮಾತು ಕೇಳಿದ್ದೆವು. ಅವರು ಯಾರ ಕೈ ಹಿಡಿದುಕೊಂಡು ಮಾತಾಡುತ್ತಿದ್ದರೆಂದು ನಮಗೆ ಒಂದು ಸಲವೂ ಕೇಳಬೇಕೆನಿಸಿರಲಿಲ್ಲ. 

ಅಕ್ಕನೇ ಹಿಂದಕ್ಕೆ ತಿರುಗಿ ಮೆಲ್ಲಗೆ ಕೇಳಿದಳು. "ಇವತ್ತು ಯಾರಿಗೆ ಹಾಕಿದ್ರಿ ಅತ್ತೆ?"

"ಆ ಬೀನ್ಸ್ ಬಿಡಿಸಿದ ಹುಡುಗನಿಗೆ" ಎಂದರು ಅಮ್ಮ. "ಇವನು ಮನೇಲಿ ಮಾತಾಡೋದೇ ಸಾಕಾಗಿದೆ, ಇನ್ನು ಗೆದ್ರೆ ಕೇಳ್ಬೇಕಾ?"

ಭಾವ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಮೊದಲು ನಕ್ಕರು, ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಬಹಳ ಹೊತ್ತು ನಕ್ಕರು. ಆಮೇಲೆ ಹಿಂದಕ್ಕೆ ಕೈಚಾಚಿ ತಾಯಿಯ ಕೈ ಹಿಡಿದುಕೊಂಡರು.

"ನೀನೇ ಹಾಕಿದ್ಯಲ್ಲಮ್ಮ" ಎಂದರು.  ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಅಲ್ಲಿಂದ ಮನೆಯವರೆಗೆ ಕಾರನ್ನು ಅಕ್ಕ ಓಡಿಸಿದಳು.